ಯೊಸೆಮಿಟಿಯಲ್ಲಿ ಮೂರು ರಾತ್ರಿ: ಸೋಲಾರ್ ಸಾಕೇ, ಜನರೇಟರ್ ಬೇಕೇ? (ಸಹಾಯ ಬೇಕು)

ನಮಸ್ಕಾರ. ಮುಂದಿನ ತಿಂಗಳು ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಅಪ್ಪರ್ ಪೈನ್ಸ್ ಕ್ಯಾಂಪ್‌ಗ್ರೌಂಡ್‌ನಲ್ಲಿ, ವಿದ್ಯುತ್ ಸಂಪರ್ಕವೇ ಇಲ್ಲದ ಜಾಗದಲ್ಲಿ, ನಮ್ಮ ಆರ್‌ವಿಯಲ್ಲಿ (ಒಳಗೇ ಮಲಗಿ ವಾಸಿಸಬಹುದಾದ ವಾಹನ) ಮೂರು ರಾತ್ರಿ ತಂಗಲಿದ್ದೇವೆ. ಮೈಸೂರಿನಿಂದ ಬಂದಿರುವ ತಂದೆಯವರಿಗೆ ರಾತ್ರಿಯಿಡೀ ಸಿಪ್ಯಾಪ್ ಯಂತ್ರ (ನಿದ್ದೆಯಲ್ಲಿ ಉಸಿರಾಟ ಕಟ್ಟದಂತೆ ಮಾಸ್ಕ್ ಮೂಲಕ ಗಾಳಿ ಒತ್ತುವ ಸಾಧನ) ನಡೆಯಲೇಬೇಕು. ಹೀಟರ್‌ನ ಫ್ಯಾನ್ ಬೇರೆ ಓಡುತ್ತದೆ. ನಮ್ಮಲ್ಲಿರುವುದು 200 ವ್ಯಾಟ್‌ನ ಸೋಲಾರ್ ಪ್ಯಾನೆಲ್ ಮತ್ತು 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ. ಕಳೆದ ಸಲ ಪೈನ್ ಮರಗಳ ನೆರಳಿನಲ್ಲಿ ನಡುಮಧ್ಯಾಹ್ನವೂ ಪ್ಯಾನೆಲ್ 30 ವ್ಯಾಟ್ ದಾಟಲಿಲ್ಲ. ಬಿಸಿಲು ಬಿದ್ದ ಕಡೆಗೆಲ್ಲ ಅದನ್ನು ಎತ್ತಿಟ್ಟರೂ ಎರಡನೆಯ ರಾತ್ರಿ ಮೂರು ಗಂಟೆಗೆ ಯಂತ್ರ ನಿಂತು, ತಂದೆಯವರು ಬೆಳಗಿನವರೆಗೂ ಎದ್ದು ಕುಳಿತಿದ್ದರು.

ಅಲ್ಲಿ ಜನರೇಟರನ್ನು ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2 ಮತ್ತು ಸಂಜೆ 5ರಿಂದ 7ರವರೆಗೆ ಮಾತ್ರ ನಡೆಸಬಹುದು. ನಮ್ಮ 20 ಆಂಪಿಯರ್ ಚಾರ್ಜರ್‌ಗೆ ಲೆಕ್ಕದಲ್ಲಿ ಅಷ್ಟು ಹೊತ್ತು ಸಾಕು, ಆದರೆ ಹೀಗೆ ಕಂತುಕಂತಾಗಿ ಬ್ಯಾಟರಿ ನಿಜಕ್ಕೂ ತುಂಬುತ್ತದೆಯೇ? ಅನುಭವವಿದ್ದವರು ದಯವಿಟ್ಟು ತಿಳಿಸಿ: 2000 ವ್ಯಾಟ್‌ನ ಜನರೇಟರ್ ಕೊಳ್ಳಬೇಕೋ, ಅಥವಾ ಇನ್ನೊಂದು ಪ್ಯಾನೆಲ್ ಹಾಗೂ ಬ್ಯಾಟರಿ ಸೇರಿಸಿದರೆ ಸಾಕೋ?