ಸೋತಷ್ಟೂ ಆಡಬೇಕು ಅನ್ನಿಸೋದು ಯಾಕೆ?

ಪ್ರಶ್ನೆ: ಜೂಜಿನಲ್ಲಿ ಮೈಗೆ ಸೇರುವ ವಸ್ತುವೇ ಇಲ್ಲ. ಆದರೂ ಅದನ್ನು ಕುಡಿತದ ಸಾಲಿಗೆ ಸೇರಿಸೋದು ಯಾಕೆ? ಮಾತ್ರೆಯಿಂದ ವಾಸಿಯಾಗುತ್ತಾ?

ಉತ್ತರ 1: ಮಿದುಳಿನಲ್ಲಿ 'ಇನ್ನೂ ಬೇಕು' ಅನ್ನಿಸುವ ರಾಸಾಯನಿಕವಾದ ಡೋಪಮೈನ್ ಬರೀ ಗೆದ್ದಾಗ ಚಿಮ್ಮುವುದಲ್ಲ, ಅನಿರೀಕ್ಷಿತವಾಗಿ ಗೆದ್ದಾಗ ಹೆಚ್ಚು ಚಿಮ್ಮುತ್ತದೆ. ಯಾವ ಆಟಕ್ಕೆ ಬಹುಮಾನ ಬರುತ್ತದೋ ಗೊತ್ತಿಲ್ಲದಿದ್ದರೆ ಚಟ ಗಟ್ಟಿಯಾಗಿ ಅಂಟುತ್ತದೆ. ಸ್ಲಾಟ್ ಯಂತ್ರದ ಆಟದಲ್ಲಿ ಮೂರು ಚಿತ್ರಗಳಲ್ಲಿ ಎರಡು ಕೂಡಿ ಮೂರನೆಯದು ಒಂದು ಗೆರೆ ಕೆಳಗೆ ನಿಂತಿತು ಅನ್ನಿ. ಲೆಕ್ಕಕ್ಕೆ ಅದು ಸೋಲೇ, ಆದರೆ ಮಿದುಳಿನ ಬಹುಮಾನದ ಭಾಗಗಳು ಗೆದ್ದಂತೆ ಮಿಡಿಯುತ್ತವೆ. ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಂ-5 ಜೂಜಿನ ಚಟವನ್ನು ವ್ಯಸನಗಳ ಅಧ್ಯಾಯಕ್ಕೇ ಸೇರಿಸಿತು: 9 ಲಕ್ಷಣಗಳಲ್ಲಿ 12 ತಿಂಗಳೊಳಗೆ ಕನಿಷ್ಠ 4 ಕಾಣಬೇಕು. ಕಳೆದದ್ದನ್ನು ಗೆಲ್ಲಲು ಮರುದಿನ ಮತ್ತೆ ಹೋಗುವುದು ಅವುಗಳಲ್ಲೊಂದು.

ಉತ್ತರ 2: ಮಾತ್ರೆ ಒಂದನ್ನೇ ನಂಬಬೇಡಿ. ನಾಲ್ಟ್ರೆಕ್ಸೋನ್ ಕೆಲವರಲ್ಲಿ ತುಡಿತ ತಗ್ಗಿಸುತ್ತದೆ. ಯಕೃತ್ತಿನ ಪರೀಕ್ಷೆ ಬೇಕು, ಓಪಿಯಾಯ್ಡ್ (ಅಫೀಮಿನ ಜಾತಿಯ) ನೋವುಮಾತ್ರೆ ತಿನ್ನುವವರಿಗೆ ಕೊಡಬಾರದು. ಮುಖ್ಯ ಚಿಕಿತ್ಸೆ ಸಿಬಿಟಿ, ಅಂದರೆ ಯೋಚನೆ ಮತ್ತು ವರ್ತನೆಯನ್ನು ತಿದ್ದುವ ಮಾತಿನ ಚಿಕಿತ್ಸೆ. 'ಐದು ಸಲ ಸೋತೆ, ಆರನೆಯದು ನನ್ನದೇ' ಎಂಬ ಲೆಕ್ಕವನ್ನು ಅಲ್ಲಿ ಬಿಡಿಸಿ ತೋರಿಸುತ್ತಾರೆ: ಆಟಕ್ಕೆ ಹಿಂದಿನ ಸುತ್ತಿನ ನೆನಪಿಲ್ಲ. ಜತೆಗೆ ಹಣದ ವ್ಯವಹಾರ ಬೇರೆಯವರ ಕೈಗೆ ಕೊಡಿ, ಜೂಜಿನ ಆ್ಯಪ್ ತೆಗೆಯಿರಿ, ಆಟದ ಖಾತೆಗೆ ಸ್ವಯಂ ನಿರ್ಬಂಧ ಹಾಕಿಸಿ (ನನ್ನನ್ನು ಆಡಲು ಬಿಡಬೇಡಿ ಎಂದು ನೀವೇ ಕೇಳಿಕೊಳ್ಳುವುದು). ಮನೆಯವರು ಸಾಲ ತೀರಿಸಿಬಿಡುವುದೇ ದೊಡ್ಡ ಎಡವಟ್ಟು. ಮುಂದಿನ ಆಟಕ್ಕೆ ದಾರಿ ಸಲೀಸಾಗುತ್ತದೆ.

ಉತ್ತರ 3: ಒಂದು ಸೇರಿಸುತ್ತೇನೆ. ಪಾರ್ಕಿನ್ಸನ್‌ಗೆ ಡೋಪಮೈನ್‌ನಂತೆ ಕೆಲಸ ಮಾಡುವ ಪ್ರಮಿಪೆಕ್ಸೋಲ್ ಔಷಧಿ ಶುರುಮಾಡಿದ ಮೇಲೆ ಜೂಜು ಹತ್ತಿದ್ದರೆ ಮೊದಲು ಆ ಔಷಧಿಯನ್ನೇ ಅನುಮಾನಿಸಿ. ತಾವಾಗಿ ನಿಲ್ಲಿಸಬೇಡಿ, ವೈದ್ಯರೇ ಡೋಸ್ ಇಳಿಸಲಿ.