ಒಂದು ಪದ ಬಿಟ್ಟಿದ್ದಕ್ಕೆ ಸೊನ್ನೆ ಹಾಕಬಹುದಾ ಸರ್?

ಪ್ರಶ್ನೆ (ಒಂಬತ್ತನೇ ತರಗತಿ ಹುಡುಗಿಯ ತಾಯಿ):
ಸರ್, ನಮಸ್ಕಾರ. ಕಿರುಪರೀಕ್ಷೆಯಲ್ಲಿ “ಸಮಾಂತರ ಚತುರ್ಭುಜ ಎಂದರೇನು?” ಅಂತ ಕೇಳಿದ್ದರು. ಮಗಳು “ಎರಡು ಜೊತೆ ಬಾಹುಗಳು ಸಮನಾಗಿರುವ ಚತುರ್ಭುಜ” ಎಂದು ಬರೆದಿದ್ದಾಳೆ. ಪಕ್ಕದಲ್ಲಿ ಚಿತ್ರವನ್ನೂ ನೀಟಾಗಿ ಬರೆದಿದ್ದಾಳೆ. ಆದರೂ ಸೊನ್ನೆ. ಅವಳಿಗೆ ವಿಷಯ ಗೊತ್ತಿದೆ ಅಲ್ವಾ? ಒಂದೆರಡು ಪದಕ್ಕೆ ಇಷ್ಟು ಕಟ್ಟುನಿಟ್ಟು ಯಾಕೆ?

ಉತ್ತರ (ಪ್ರೌಢಶಾಲಾ ಗಣಿತ ಶಿಕ್ಷಕ):
ನಮಸ್ಕಾರ ಮೇಡಂ. ನಾನಾಗಿದ್ದರೆ ಚಿತ್ರಕ್ಕೆ ಅರ್ಧ ಅಂಕ ಕೊಡುತ್ತಿದ್ದೆ. ಆದರೆ ವ್ಯಾಖ್ಯೆ ಮಾತ್ರ ತಪ್ಪೇ.

ಮಗಳ ಕೈಯಲ್ಲಿ ನಾಲ್ಕು ಪೊರಕೆ ಕಡ್ಡಿ ಮುರಿಸಿ. ಎರಡು 5 ಸೆಂ.ಮೀ., ಎರಡು 3 ಸೆಂ.ಮೀ. 5ರ ಎದುರಿಗೆ 5, 3ರ ಎದುರಿಗೆ 3 ಬರುವ ಹಾಗೆ ಜೋಡಿಸಿದರೆ ಸಮಾಂತರ ಚತುರ್ಭುಜ. ಈಗ ಅವೇ ಕಡ್ಡಿಗಳನ್ನು 5ರ ಪಕ್ಕ 5, 3ರ ಪಕ್ಕ 3 ಇಟ್ಟು ಜೋಡಿಸಲಿ. ಗಾಳಿಪಟ ಬರುತ್ತದೆ! ಅವಳು ಬರೆದ ವಾಕ್ಯ ಇದಕ್ಕೂ ಸರಿಹೊಂದುತ್ತದೆ, ನೋಡಿ. “ಅಭಿಮುಖ” ಅನ್ನುವ ಒಂದೇ ಪದ ಬಿಟ್ಟಿದ್ದರ ಫಲ.

ಇನ್ನೂ ಒಂದು ಮಾತು. “ಅಭಿಮುಖ ಬಾಹುಗಳ ಎರಡೂ ಜೊತೆಗಳು ಸಮಾಂತರವಾಗಿರುವ ಚತುರ್ಭುಜ.” ವ್ಯಾಖ್ಯೆ ಇಷ್ಟೇ. ಆ ಬಾಹುಗಳು ಸಮ ಅನ್ನುವುದು ಇದರಿಂದ ಸಾಧಿಸುವ ಪ್ರಮೇಯ. ಒಂದು ಕರ್ಣ ಎಳೆದು, ಎರಡು ತ್ರಿಭುಜಗಳು ಸರ್ವಸಮ (ಆಕಾರ, ಅಳತೆ ಎರಡೂ ಒಂದೇ) ಅಂತ ತೋರಿಸುತ್ತೇವಲ್ಲ, ಅದು. ಗೊತ್ತಿರುವುದನ್ನೆಲ್ಲ ವ್ಯಾಖ್ಯೆಗೇ ತುರುಕಿದರೆ ಸಾಧಿಸೋಕೆ ಏನು ಉಳಿಯುತ್ತದೆ?

ಸುಮ್ನೆ ಉರು ಹೊಡೆಸಬೇಡಿ. ಒಂದು ಆಟ ಆಡಿ. ವ್ಯಾಖ್ಯೆ ಬರೆದು ಅದರಲ್ಲಿ ಒಂದು ಪದ ಅಳಿಸಿ. ಉಳಿದ ವಾಕ್ಯಕ್ಕೆ ಹೊಂದುವ, ಆದರೆ ಬೇರೆಯೇ ಆದ ಆಕೃತಿಯನ್ನು ಅವಳು ಹುಡುಕಬೇಕು. ನಾನು ಹುಡುಗನಾಗಿದ್ದಾಗ “ವೃತ್ತ ಅಂದರೆ ದುಂಡಗಿರೋದು” ಎಂದಿದ್ದೆ. “ದುಂಡಗೆ ಅಂದರೆ?” ಅಂತ ಮೇಷ್ಟ್ರು ಕೇಳಿದರು. “ವೃತ್ತದ ಥರ ಇರೋದು ಸಾರ್” ಅಂದೆ. ಇಡೀ ಕ್ಲಾಸು ನಕ್ಕಿತ್ತು.

ಪ್ರಶ್ನೆ (ಇನ್ನೊಬ್ಬ ಪೋಷಕರು):
ಸರ್, ಚೌಕ ಕೂಡ ಆಯತವೇ ಅಂತ ಮಗ ವಾದ ಮಾಡ್ತಾನೆ. ನಾವು ಎರಡನ್ನೂ ಬೇರೆ ಬೇರೆ ಅಂತಲೇ ಕಲಿತಿದ್ದು.

ಉತ್ತರ:
ಮಗನೇ ಸರಿ. ನಾಲ್ಕೂ ಕೋನ 90° ಇದ್ದರೆ ಆಯತ. ಉದ್ದ, ಅಗಲ ಬೇರೆ ಬೇರೆ ಇರಲೇಬೇಕು ಅಂತ ಅದರಲ್ಲಿ ಎಲ್ಲೂ ಹೇಳಿಲ್ಲ. ಆದರೆ ನಿಮ್ಮ ಕಡೆಗೂ ದೊಡ್ಡ ಸಾಕ್ಷಿ ಇದೆ! ಕ್ರಿ.ಪೂ. 300ರ ಸುಮಾರಿಗೆ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ ಎಂಬ ರೇಖಾಗಣಿತ ಗ್ರಂಥದ ಮೊದಲ ಪುಸ್ತಕದ 22ನೇ ವ್ಯಾಖ್ಯೆಯಲ್ಲಿ ಚೌಕ, ಆಯತಗಳನ್ನು ಬೇರೆಯಾಗಿಯೇ ಇಟ್ಟಿದ್ದ. ಈಗ ಚೌಕವನ್ನು ಒಳಗೆ ಸೇರಿಸಿಕೊಳ್ಳುವುದು ಅನುಕೂಲಕ್ಕೆ. ಆಯತದ ಕರ್ಣಗಳು ಸಮ ಅಂತ ಒಮ್ಮೆ ಸಾಧಿಸಿದರೆ ಸಾಕು, ಚೌಕಕ್ಕೆ ಮತ್ತೆ ಸಾಧಿಸುವ ಕೆಲಸವಿಲ್ಲ.

ಪ್ರಶ್ನೆ (ಅವರೇ):
ಹಾಗಾದರೆ ಬಿಂದುವಿಗೆ ಏನಂತ ಬರೆಯಬೇಕು?

ಉತ್ತರ:
“ಭಾಗವಿಲ್ಲದ್ದು” ಅಂದ ಯೂಕ್ಲಿಡ್. ಭಾಗ ಅಂದರೇನು ಅಂತ ಮತ್ತೆ ಕೇಳಬಹುದು, ಅಲ್ವಾ? ಅದಕ್ಕೇ ಬಿಂದು, ರೇಖೆ, ಸಮತಲ ಈ ಮೂರಕ್ಕೆ ಈಗ ವ್ಯಾಖ್ಯೆ ಕೊಡುವುದಿಲ್ಲ. ಎಲ್ಲಿಂದಲೋ ಒಂದು ಕಡೆಯಿಂದ ಶುರು ಮಾಡಲೇಬೇಕು.

ಮೊದಲು ಕೇಳಿದ ತಾಯಿ (ಮರುದಿನ):
ಸರ್, ರಾತ್ರಿ ಆಟ ಆಡಿದೆವು. “ಸಮತಲದಲ್ಲಿ ಒಂದು ಸ್ಥಿರ ಬಿಂದುವಿನಿಂದ ಒಂದೇ ದೂರದಲ್ಲಿರುವ ಎಲ್ಲ ಬಿಂದುಗಳ ಗುಂಪೇ ವೃತ್ತ.” ಇದರಲ್ಲಿ “ಸಮತಲದಲ್ಲಿ” ಅನ್ನೋದನ್ನು ಅಳಿಸಿದೆ. ಐದು ನಿಮಿಷ ಪೆನ್ಸಿಲ್ ಕಚ್ಚುತ್ತಾ ಕೂತಿದ್ದಳು. ಆಮೇಲೆ ತಮ್ಮನ ಟೆನಿಸ್ ಬಾಲ್ ತಂದು ಮುಂದೆ ಇಟ್ಟಳು. ಸರಿನಾ?

ಉತ್ತರ:
ಭೇಷ್! ಬಾಲಿನ ಮೇಲ್ಮೈ ಮಾತ್ರ ಸರಿ, ಒಳಗಿನ ಜಾಗ ಸೇರುವುದಿಲ್ಲ ಅಂತ ಹೇಳಿ. ಇವತ್ತು “ಸಮತಲದಲ್ಲಿ” ಹಾಗೇ ಇರಲಿ, “ಎಲ್ಲ” ಅನ್ನೋದನ್ನು ಅಳಿಸಿ ಕೊಡಿ. ಏನು ಬರೆದಳು ಅಂತ ಫೋಟೊ ಹಾಕಿ.