ವೇರಿಕೋಸೀಲ್: ರಿಫ್ಲಕ್ಸ್ ಮೊದಲಾ, ಸಿರೆ ಹಿಗ್ಗುವುದು ಮೊದಲಾ?

ತಲೆಬಿಸಿ27:
ಎಡ ವೃಷಣದ ಮೇಲ್ಭಾಗದಲ್ಲಿ ಗಂಟುಗಂಟಾಗಿ ಕೈಗೆ ಸಿಗುತ್ತದೆ. ನನ್ನದು ನಿಂತೇ ಮಾಡುವ ಕೆಲಸ. ಸಂಜೆ ಹೊತ್ತಿಗೆ ಭಾರ ಅನಿಸುತ್ತದೆ, ಮಲಗಿದರೆ ಇಳಿಯುತ್ತದೆ. ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ರಿಪೋರ್ಟಿನಲ್ಲಿ ‘ಎಡಗಡೆ ವೇರಿಕೋಸೀಲ್, ಸಿರೆ 3.4 ಮಿ.ಮೀ., ತಿಣುಕಿದಾಗ ರಿಫ್ಲಕ್ಸ್’ ಎಂದಿದೆ. ವೇರಿಕೋಸೀಲ್ ಅಂದರೆ ವೃಷಣದ ಮೇಲಿನ ಸಿರೆಗಳು ಹಿಗ್ಗಿರುವುದು, ರಿಫ್ಲಕ್ಸ್ ಅಂದರೆ ರಕ್ತ ಹಿಂದಕ್ಕೆ ಹರಿಯುವುದು ಅಂತೆ. ರಕ್ತ ಹಿಂದಕ್ಕೆ ಬಂದು ಸಿರೆ ಹಿಗ್ಗಿತಾ, ಸಿರೆ ಹಿಗ್ಗಿದ್ದಕ್ಕೆ ರಕ್ತ ಹಿಂದಕ್ಕೆ ಬರುತ್ತಿದೆಯಾ? ಎಡಗಡೆಯೇ ಯಾಕೆ? ಇನ್ನೂ ಮದುವೆ ಆಗಿಲ್ಲ, ಅದೇ ಚಿಂತೆ.

ನೇರಮಾತು:
ರಕ್ತ ಹಿಂದಕ್ಕೆ ಬಾರದಂತೆ ಸಿರೆಯೊಳಗೆ ಮುಚ್ಚಿಕೊಳ್ಳುವ ವಾಲ್ವ್ ಕೆಟ್ಟಿದೆ, ಅಷ್ಟೆ. ಸುಮ್ನೆ ಆಪರೇಷನ್ ಮಾಡಿಸಿಕೊಂಡುಬಿಡಿ.

ಪ್ರೋಬ್ ಹಿಡಿದವ:
ಡಾಪ್ಲರ್ ಮಾಡುವುದೇ ನನ್ನ ಕೆಲಸ. ಮೇಲಿನವರು ಹೇಳಿದ್ದು ಅರ್ಧ ಸರಿ.

ಬಲ ವೃಷಣದ ಸಿರೆ ಹೊಟ್ಟೆಯೊಳಗಿನ ಮಹಾಸಿರೆಗೆ ಓರೆಯಾಗಿ ಸೇರುತ್ತದೆ. ರಕ್ತ ಸಲೀಸಾಗಿ ಮೇಲೆ ಹೋಗುತ್ತದೆ. ಎಡಗಡೆಯದು ಎಡ ಕಿಡ್ನಿಯ ಸಿರೆಗೆ ಹೆಚ್ಚುಕಮ್ಮಿ ಲಂಬವಾಗಿ ಹೋಗಿ ಕೂಡುತ್ತದೆ. ಬಲಗಡೆಯದಕ್ಕಿಂತ ಅದು 8–10 ಸೆಂ.ಮೀ. ಉದ್ದ ಬೇರೆ. ನಿಂತರೆ ಅಷ್ಟುದ್ದದ ರಕ್ತದ ಭಾರವೆಲ್ಲ ಕೆಳಗೆ. ಸಾಲದ್ದಕ್ಕೆ ಆ ಕಿಡ್ನಿ ಸಿರೆ ಮಹಾಧಮನಿಗೂ ಕರುಳಿನ ಧಮನಿಗೂ ನಡುವೆ ನುಸುಳಿ ಬರಬೇಕು. ಕೆಲವರಲ್ಲಿ ಅಲ್ಲಿ ಅದುಮಿಕೊಂಡು ಒತ್ತಡ ಹಿಂದಕ್ಕೆ ಬರುತ್ತದೆ. ಸುಮಾರು 90% ವೇರಿಕೋಸೀಲ್ ಎಡಗಡೆ ಆಗುವುದು ಹೀಗೆ.

ಈ ಭಾರವನ್ನು ತಡೆಯಬೇಕಾದದ್ದು ವಾಲ್ವ್. ಅದು ಸರಿಯಾಗಿ ಮುಚ್ಚದಿದ್ದರೆ, ಅಥವಾ ಇಲ್ಲವೇ ಇಲ್ಲದಿದ್ದರೆ, ರಕ್ತ ಇಳಿದು ವೃಷಣದ ಮೇಲಿನ ಸಿರೆಗಳ ಜಾಲ ಹಿಗ್ಗುತ್ತದೆ. ಹಿಗ್ಗಿದ ಸಿರೆಯಲ್ಲಿ ವಾಲ್ವಿನ ಎಸಳುಗಳು ಒಂದಕ್ಕೊಂದು ತಾಗುವುದಿಲ್ಲ. ರಿಫ್ಲಕ್ಸ್ ಇನ್ನೂ ಜಾಸ್ತಿ. ಅಂದರೆ ನೀವು ಕೇಳಿದ ಎರಡೂ ನಡೆಯುತ್ತವೆ. ಆದರೆ ವಾಲ್ವೇ ಇಲ್ಲದೆ ಆರಾಮಾಗಿರುವ ಗಂಡಸರಿದ್ದಾರೆ. ವಾಲ್ವ್ ಗಟ್ಟಿಯಿದ್ದರೂ ಅಕ್ಕಪಕ್ಕದ ಸಣ್ಣ ಸಿರೆಗಳಿಂದ ರಕ್ತ ಇಳಿದು ವೇರಿಕೋಸೀಲ್ ಆದವರೂ ಇದ್ದಾರೆ. ಹಾಗಿದ್ದೂ ರಿಫ್ಲಕ್ಸಿನ ಪಾಲೇ ದೊಡ್ಡದು ಎನ್ನುತ್ತೇನೆ. ಮೇಲೆ ಆ ಸಿರೆಯನ್ನು ಮುಚ್ಚಿದರೆ ಸಾಮಾನ್ಯವಾಗಿ ಕೆಳಗಿನ ಊತ ಇಳಿಯುತ್ತದೆ ಅಲ್ವಾ?

ಸ್ಕ್ಯಾನ್ ಮಾಡುವಾಗ ನಿಲ್ಲಿಸಿ, ಉಸಿರು ಬಿಗಿಹಿಡಿದು ತಿಣುಕಲು ಹೇಳುತ್ತೇವೆ. ನಾಚಿಕೊಂಡು ಅರೆಬರೆ ತಿಣುಕುವವರೇ ಜಾಸ್ತಿ, ‘ಇನ್ನೂ ಜೋರಾಗಿ’ ಅಂತ ಗದರಬೇಕಾಗುತ್ತದೆ! ರಕ್ತ ತಿರುಗಿದರೆ ಸ್ಕ್ರೀನಿನಲ್ಲಿ ನೀಲಿ ಇದ್ದದ್ದು ಕೆಂಪಾಗುತ್ತದೆ, ಇಲ್ಲವೇ ಕೆಂಪು ನೀಲಿಯಾಗುತ್ತದೆ. ಒಮ್ಮೆ ಮಿಂಚಿ ಮಾಯವಾದರೆ ಏನಿಲ್ಲ, ಸರಿಯಿರುವವರಲ್ಲೂ ಅದು ಕಾಣುತ್ತದೆ. 2 ಸೆಕೆಂಡಿಗಿಂತ ಜಾಸ್ತಿ ನಿಂತರೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ನಿಮ್ಮ ರಿಪೋರ್ಟಿನಲ್ಲಿ ಸೆಕೆಂಡು ಬರೆದಿದ್ದಾರಾ ನೋಡಿ.

ತಲೆಬಿಸಿ27:
ಬರೆದಿಲ್ಲ ಸರ್. ಹಾಗಾದರೆ ಆಪರೇಷನ್ ಬೇಕಾ? ಮಕ್ಕಳಾಗುವುದಕ್ಕೆ ತೊಂದರೆಯಾ?

ಪ್ರೋಬ್ ಹಿಡಿದವ:
ಸುಮಾರು 15% ಗಂಡಸರಿಗೆ ಇದು ಇರುತ್ತದೆ, ಬಹುಪಾಲು ಜನರಿಗೆ ಮಕ್ಕಳಾಗುತ್ತವೆ. ವೃಷಣ ಮೈಗಿಂತ 2–4 ಡಿಗ್ರಿ ತಂಪಾಗಿರಬೇಕು. ಕೆಳಗಿಳಿದು ನಿಂತ ಬಿಸಿ ರಕ್ತ ಆ ತಂಪು ಕೆಡಿಸಿದರೆ ವೀರ್ಯಾಣುಗಳಿಗೆ ತೊಂದರೆ. ವೀರ್ಯ ಪರೀಕ್ಷೆ ಮಾಡಿಸಿ, ಯೂರಾಲಜಿಸ್ಟ್ ಕೈಯಲ್ಲಿ ಮುಟ್ಟಿ ನೋಡಲಿ. ಸ್ಕ್ಯಾನಿನಲ್ಲಷ್ಟೇ ಕಂಡು ಕೈಗೆ ಸಿಗದ ವೇರಿಕೋಸೀಲ್‌ಗೆ ಆಪರೇಷನ್ ಬೇಡ ಎನ್ನುತ್ತಾರೆ. ನಿಮ್ಮದು ಕೈಗೆ ಸಿಗುತ್ತದೆ ನಿಜ, ಆದರೂ ವೀರ್ಯ ಚೆನ್ನಾಗಿದ್ದು ನೋವು ಕಾಡದಿದ್ದರೆ ಸಾಮಾನ್ಯವಾಗಿ ಕಾದು ನೋಡುತ್ತಾರೆ.

ಮಲಗಿದರೆ ಇಳಿಯುತ್ತದೆ ಅಂದಿರಲ್ಲ, ಅದು ಒಳ್ಳೆಯದು. ಮಲಗಿದರೂ ಇಳಿಯದವರಿಗೆ, ಬಲಗಡೆ ಮಾತ್ರ ದಿಢೀರನೆ ಊದಿಕೊಂಡವರಿಗೆ ನಾವು ಹೊಟ್ಟೆಯನ್ನೂ ಸ್ಕ್ಯಾನ್ ಮಾಡುತ್ತೇವೆ. ಕಿಡ್ನಿಯ ಗಡ್ಡೆ ಏನಾದರೂ ಸಿರೆಯನ್ನು ಒತ್ತುತ್ತಿದೆಯಾ ನೋಡಬೇಕಲ್ಲ.